ಗಡ್ಡದಯ್ಯನ ಮೈಮೇಲಿನ ನುಸಿ

ಹಾಲಿನವನು ಸುರಿದ ಹಾಲಿಗೆ ಬೆರಳದ್ದಿ ನೋಡದೆ ಮನೋರಮಾ ಒಂದು ದಿನವೂ ಪಾತ್ರೆಯನ್ನು ಒಳಗೆ ಒಯ್ದವಳಲ್ಲ. ಈ ಅನುಮಾನದ ಚಾಳಿಗೆ ತಪ್ಪು ಪೂರಾ ಅವಳದೇ ಅನ್ನುವ ಹಾಗೂ ಇಲ್ಲ. ಅವಳು ಕಾರ್ಗಲ್ಲಿನ ಪ್ರಾಜೆಕ್ಟ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಾಲೊನಿಯ ಮಾತೆಲ್ಲ ಅವಳ ಕಿವಿಯ ಮೂಲಕವೇ ಹಾದು ಹೋಗಬೇಕು. ಲೈನು ಸಿಕ್ಕಿತೋ ಇಲ್ಲವೋ ಎಂದು ಕ್ಷಣಹೊತ್ತು ಕೇಳಿಸಿಕೊಳ್ಳುವುದು ಕೆಲಸದ ಭಾಗ. ಆ ಕ್ಷಣ ಕೊಂಚ ಉದ್ದವಾದರೆ ಕೇಳುವವರು ಯಾರು? ಅರ್ಧ ಮಾತು ಕೇಳಿ, ಉಳಿದರ್ಧವನ್ನು ತಾನೇ ಜೋಡಿಸಿಕೊಳ್ಳುವುದು ಅವಳಿಗೆ ರೂಢಿಯಾಗಿ ಹೋಗಿತ್ತು. ಜೋಡಿಸಿಕೊಂಡ ಅರ್ಧ ಯಾವತ್ತೂ ಒಳ್ಳೆಯದಾಗಿರುತ್ತಿರಲಿಲ್ಲ, ಅದು ಬೇರೆ ಮಾತು.

ಅಂಥವಳು ಓತಿ ಮರಿಯ ಕಣ್ಣಂಚಿನಲ್ಲಿ ಕೆಂಪು ಚುಕ್ಕಿಯೊಂದು ನಡೆದಾಡುವುದನ್ನು ಕಂಡಾಗ ಮೊದಲು ಅಂದುಕೊಂಡದ್ದು, ಆ ಹೆಂಗಸು ಗೊತ್ತಿದ್ದೇ ಕೊಟ್ಟು ಹೋದಳು ಎಂದು.

ಆ ಹೆಂಗಸೆಂದರೆ, ಟರ್ಬೈನ್ ರಿಪೇರಿಗೆಂದು ಬಂದು ವರ್ಷವಿಡೀ ಗೆಸ್ಟ್‌ಹೌಸಿನಲ್ಲಿ ಉಳಿದಿದ್ದ ಜರ್ಮನ್ ಎಂಜಿನಿಯರನ ಹೆಂಡತಿ. ಅವಳ ಹತ್ತಿರ ಆಸ್ಟ್ರೇಲಿಯಾದ ಕಡೆಯ ಎರಡು ಓತಿಗಳಿದ್ದವು. ಗಂಟಲ ಕೆಳಗೆ ಮುಳ್ಳುಮುಳ್ಳಾದ ಚರ್ಮ. ಸಿಟ್ಟು ಬಂದರೆ ಅದು ಉಬ್ಬಿ ಕಪ್ಪಾಗಿ ಗಡ್ಡದ ಹಾಗೆ ಕಾಣುತ್ತಿತ್ತು. ವಿಮಾನದಲ್ಲಿ, ಕಸ್ಟಮ್ಸಿನವರ ಕಣ್ಣು ತಪ್ಪಿಸಿ ಅವನ್ನು ಹೇಗೆ ತಂದಳೋ ದೇವರಿಗೇ ಗೊತ್ತು. ಇಲ್ಲಿಗೆ ಬಂದು ಅವು ಮೊಟ್ಟೆ ಇಟ್ಟು, ಅದರಲ್ಲಿ ಒಂದೇ ಒಂದು ಮರಿ ಬದುಕಿತ್ತು. ಹೊರಡುವಾಗ ದೊಡ್ಡವೆರಡನ್ನು ಕಟ್ಟಿಕೊಂಡು, ಮರಿಯನ್ನು ಮಾತ್ರ ಪವರ್‌ಹೌಸಿನ ಫೋರ್‌ಮನ್ ಮುಕುಂದಯ್ಯನ ಕೈಗೆ ಕೊಟ್ಟು ಹೋದಳು. ಮುಕುಂದಯ್ಯ ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ. ಮರಳು ಹಾಸಿದ ಮರದ ಪೆಟ್ಟಿಗೆ ಸಮೇತ ಅದನ್ನು ತಂದು ಹೆಂಡತಿ ಮನೋರಮಾಳ ಮುಂದಿಟ್ಟ.

ಮನೋರಮಾ ಮೂಗು ಮುರಿದಳು. ಬಿಟ್ಟಿ ಕೊಟ್ಟದ್ದರಲ್ಲಿ ಏನೋ ಹುಳುಕು ಇದ್ದೇ ಇರುತ್ತದೆ ಎಂದಳು. ಆದರೆ ಬಗ್ಗಿ ನೋಡಿದಾಗ ಆ ಅಂಗೈಯುದ್ದದ ಪ್ರಾಣಿ ಮುಂದಿನ ಒಂದು ಕಾಲನ್ನು ಮೇಲೆತ್ತಿ, ನಿಧಾನವಾಗಿ ಗಾಳಿಯಲ್ಲಿ ಸುತ್ತಿಸಿ ಕೆಳಗಿಟ್ಟಿತು. ರಸ್ತೆಯಾಚೆ ನಿಂತ ಪರಿಚಯದವರು ಕೈ ಬೀಸಿದ ಹಾಗಿತ್ತು. ದಿನವಿಡೀ ಊರವರ ಮಾತು ಕೇಳುತ್ತಾಳೆ, ಅವಳೊಂದಿಗೆ ಮಾತಾಡುವವರು ಯಾರೂ ಇಲ್ಲ. ನಂಬರು ಹೇಳಿದರೆ ಮುಗಿಯಿತು. ಕೈ ಬೀಸಿದ ಆ ಮರಿಯ ಮೇಲೆ ಅವಳಿಗೆ ಆ ಗಳಿಗೆಯಲ್ಲೇ ಅಕ್ಕರೆ ಬಂತು. ಗಡ್ಡದಯ್ಯ ಎಂದು ಹೆಸರಿಟ್ಟಳು. ಹರಿವೆ ಸೊಪ್ಪು ಹೆಚ್ಚಿ ಹಾಕಿದಳು, ದಾಸವಾಳದ ಎಸಳು ಕೊಟ್ಟಳು, ಜಿರಲೆ ಕಂಡರೆ ಮೈಲಿ ದೂರ ಓಡುತ್ತಿದ್ದವಳು ಪೊರಕೆ ಹಿಡಿದು ಬಚ್ಚಲಿನ ಮೂಲೆಯಲ್ಲಿ ಜಿರಲೆ ಹುಡುಕತೊಡಗಿದಳು.

ಕೆಂಪು ಚುಕ್ಕಿ ಕಂಡದ್ದು ಆ ವಾರದಲ್ಲೇ. ಒದ್ದೆ ಬಿಳಿ ಬಟ್ಟೆಯಿಂದ ಕಂಕುಳ ಸಂದಿಯನ್ನು ಒರೆಸಿದಳು. ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಹರಿದಾಡಿದವು. ಉಗುರಿನಿಂದ ಒತ್ತಿದರೆ ರಕ್ತ.

ಸಾಗರದ ಪಶು ಆಸ್ಪತ್ರೆಯ ಡಾಕ್ಟರಿಗೆ ಎಕ್ಸ್‌ಚೇಂಜಿನಿಂದಲೇ ಫೋನು ಮಾಡಿದಳು. ಅವರು ಮೊದಲು ನಕ್ಕರು, ಆಮೇಲೆ ಗಂಭೀರವಾಗಿ ಹೇಳಿದರು. ಇದು ನುಸಿ, ಉಣುಗು ಅಂದರೆ ಉಣ್ಣೆಹುಳ ಅಲ್ಲ. ಪೆಟ್ಟಿಗೆಯ ಮರಳನ್ನೆಲ್ಲ ಚೆಲ್ಲಿ ಪೇಪರು ಹಾಸಬೇಕು, ದಿನಾ ಬದಲಿಸಬೇಕು. ಪೆಟ್ಟಿಗೆಗೆ ಕುದಿಯುವ ನೀರು ಹೊಯ್ದು ಬಿಸಿಲಲ್ಲಿ ಒಣಗಿಸಬೇಕು. ಮರಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಬೇಕು. ಕಣ್ಣಿನ ಸುತ್ತ ಹತ್ತಿಯಿಂದ ಒಂದಿಷ್ಟು ಕೊಬ್ಬರಿ ಎಣ್ಣೆ ಮುಟ್ಟಿಸಿದರೆ ಸಾಕು. ಹುಳ ಕೊಲ್ಲುವ ಪುಡಿ, ಔಷಧಿ ಮಾತ್ರ ಯಾವುದೂ ಕೂಡದು, ಮರಿಯ ಚರ್ಮ ಅದನ್ನೆಲ್ಲ ಹೀರಿಕೊಂಡುಬಿಡುತ್ತದೆ. ಕೊನೆಗೆ ಇನ್ನೊಂದು ಮಾತು ಸೇರಿಸಿದರು: ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ, ಮೊಟ್ಟೆ ಒಡೆದು ಹೊಸವು ಬರುತ್ತವೆ, ಬೇಸರ ಮಾಡದೆ ತೊಳೆಯುತ್ತಿರಬೇಕು.

ಮನೋರಮಾ ಹೇಳಿದ್ದೆಲ್ಲ ಮಾಡಿದಳು. ಕೊನೆಯ ಮಾತನ್ನು ಮಾತ್ರ ನಂಬಲಿಲ್ಲ.

ಅದು ಮಂಗನ ಕಾಯಿಲೆಯ ಕಾಲ. ಚಳಿ ಮುಗಿದು ಎಲೆ ಉದುರುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಅವುಗಳ ಮೈಯ ಉಣುಗು ಹತ್ತಿದವರಿಗೆ ಜ್ವರ. ಯಾವ ಮನೆಯಲ್ಲೂ ಉಣುಗು ಎಂಬ ಮಾತನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ. ಮುಕುಂದಯ್ಯನ ಮನೆಯಲ್ಲಂತೂ ಆಡುವ ಹಾಗೇ ಇರಲಿಲ್ಲ. ಅವನ ತಮ್ಮ ಹೂವಯ್ಯ ಮೇಗರವಳ್ಳಿಯಲ್ಲಿ ಗದ್ದೆ ನೋಡಿಕೊಂಡಿದ್ದವನು, ಗೊಬ್ಬರಕ್ಕೆ ತರಗೆಲೆ ತರಲು ಕಾಡಿಗೆ ಹೋಗಿ ಬಂದು ಜ್ವರ ಹಿಡಿದು ಮಲಗಿದವನು, ಎದ್ದಿರಲಿಲ್ಲ. ಅದಾದ ಕೆಲವು ದಿನಕ್ಕೆ ಅವರ ತಾಯಿ ದುಗ್ಗಮ್ಮ ಹಿರಿಮಗನ ಮನೆಗೆ ಬಂದು ಸೇರಿದ್ದರು.

ದುಗ್ಗಮ್ಮನ ಹತ್ತಿರ ಒಂದು ಬಾಟಲಿ ಇತ್ತು. ಕಾಡಿಗೆ ಹೋಗುವವರಿಗೆಂದು ಆರೋಗ್ಯ ಇಲಾಖೆಯವರು ಹಂಚುತ್ತಿದ್ದ, ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಎಣ್ಣೆ. ಪವರ್‌ಹೌಸಿಗೆ ಹೋಗುವ ದಾರಿಯಲ್ಲಿ ಕಾಡೇನೂ ಇರಲಿಲ್ಲ, ಆದರೂ ಮುಕುಂದಯ್ಯ ಶಿಫ್ಟಿಗೆ ಹೊರಟಾಗಲೆಲ್ಲ ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ಮೊಣಕಾಲವರೆಗೆ ತಿಕ್ಕುತ್ತಿದ್ದರು. ನಲವತ್ತು ದಾಟಿದ ಫೋರ್‌ಮನ್ ಪ್ಯಾಂಟು ಮಡಚಿಕೊಂಡು ತೆಪ್ಪಗೆ ಕೂರುತ್ತಿದ್ದ. ಮನೋರಮಾ ಆ ವಾಸನೆ ತನಗೆ ಆಗದೆಂದು ಮೊದಲೇ ಹೇಳಿ ತಪ್ಪಿಸಿಕೊಂಡಿದ್ದಳು.

ಮೊದಲ ದಿನವೇ ದುಗ್ಗಮ್ಮ ಬಿಳಿ ಬಟ್ಟೆಯ ಮೇಲಿನ ಚುಕ್ಕಿಗಳನ್ನು ಕಂಡಿದ್ದರು. ಉಣುಗಾ ಎಂದು ಕೇಳಿದರು. ಅಲ್ಲ, ನುಸಿ, ಎಂದಳು ಮನೋರಮಾ. ದುಗ್ಗಮ್ಮ ಎದ್ದು ಹೋದರು. ಮತ್ತೆ ಆ ಕೋಣೆಯತ್ತ ಸುಳಿಯಲಿಲ್ಲ. ಊಟಕ್ಕೆ ಕೂತಾಗಲೂ ಅವರ ಕಣ್ಣು ಆ ಬಾಗಿಲ ಮೇಲೇ ಇರುತ್ತಿತ್ತು. ಮನೋರಮಾ ಅದನ್ನು ಗಮನಿಸಿದಳು, ಗಮನಿಸಿ ಉಳಿದರ್ಧ ಜೋಡಿಸಿಕೊಂಡಳು.

ತೊಳೆದು ಉಜ್ಜಿದ ಮೇಲೆ ನುಸಿ ಕಡಿಮೆಯಾಯಿತು. ಪೇಪರಿನ ಮೇಲೆ ಹುಡುಕಿದರೂ ಒಂದೂ ಸಿಗದ ದಿನ ಬಂತು. ಗಡ್ಡದಯ್ಯ ಕಿಟಕಿಯ ಬಿಸಿಲಿಗೆ ಮೈಯೊಡ್ಡಿ ಜಿರಲೆ ನುಂಗಿತು. ಮನೋರಮಾ ಆ ಸಂತೋಷದಲ್ಲಿ ಹಾಲಿನವನ ಜೊತೆ ನಗುನಗುತ್ತ ಮಾತಾಡಿದಳೆಂದರೆ ಅವನಿಗೇ ಗಾಬರಿಯಾಗಿರಬೇಕು. ಅಷ್ಟರಲ್ಲಿ ಒಂದು ಬೆಳಿಗ್ಗೆ ನೋಡಿದರೆ ಕಿವಿಯ ತೂತಿನ ಸುತ್ತ ಮತ್ತೆ ಕೆಂಪು.

ಯಾರೋ ತಂದು ಬಿಟ್ಟಿದ್ದಾರೆ. ಅವಳ ತಲೆಗೆ ಹೊಳೆದದ್ದು ಅದೊಂದೇ.

ಮೊದಲು ಅನುಮಾನಕ್ಕೆ ಸಿಕ್ಕಿದವಳು ಪಕ್ಕದ ಕ್ವಾರ್ಟರ್ಸಿನ ಗುತ್ಯಮ್ಮ. ಅವಳು ಕೋಳಿ ಸಾಕಿದ್ದಳು, ಕೋಳಿಯ ಮೈಯಲ್ಲಿ ಹೇನಿರುತ್ತದೆ, ಅವಳು ಸಕ್ಕರೆ ಕೇಳಿಕೊಂಡು ಒಳಗೆ ಬಂದು ಹೋಗಿದ್ದಳು. ಮನೋರಮಾ ಅವಳಿಂದ ಮೊಟ್ಟೆ ಕೊಳ್ಳುವುದನ್ನು ನಿಲ್ಲಿಸಿದಳು. ಕಾರಣ ಹೇಳಲಿಲ್ಲ. ಗುತ್ಯಮ್ಮ ತನ್ನ ಮೊಟ್ಟೆಯಲ್ಲೇನು ಕೆಟ್ಟದ್ದಿದೆ ಎಂದು ಕಾಲೊನಿಯಿಡೀ ಕೇಳಿಕೊಂಡು ತಿರುಗಿದಳು. ಆಮೇಲೆ ಗುಡಿಸುವ ಕನ್ನಮ್ಮನ ಸರದಿ; ಅವಳಿಗೆ ಆ ಕೋಣೆಯನ್ನು ಗುಡಿಸುವುದು ಬೇಡ ಎಂದಾಯಿತು. ಕೆಲಸವೊಂದು ಕಡಿಮೆಯಾಯಿತಲ್ಲ ಎಂದು ಕನ್ನಮ್ಮ ಖುಷಿಪಟ್ಟಳು, ಮನೋರಮಾಳಿಗೆ ಆ ಖುಷಿಯ ಮೇಲೂ ಅನುಮಾನ. ಇಬ್ಬರ ಕಾಲೂ ಆ ಕೋಣೆಗೆ ಬೀಳದ ಮೇಲೆಯೂ ನುಸಿ ಹೋಗಲಿಲ್ಲ. ಉಳಿದವರು ಒಬ್ಬರೇ.

ಅತ್ತೆಗೆ ಗಡ್ಡದಯ್ಯನನ್ನು ಕಂಡರೆ ಆಗದು. ಮಗನನ್ನು ತಿಂದ ಹುಳವನ್ನೇ ಅವರು ಅದರ ಮೈಮೇಲೆ ಕಾಣುತ್ತಾರೆ. ಮರಿ ಸೊರಗಿ ತಾನಾಗಿ ಸಾಯಲಿ ಎಂದು ಏನೋ ಮಾಡುತ್ತಿದ್ದಾರೆ. ಹೀಗೆ ಒಂದಕ್ಕೊಂದು ಗಂಟು ಹಾಕಿಕೊಂಡು ಮನೋರಮಾ ಗಂಡನ ಮುಂದೆ ಹೇಳಿಯೇಬಿಟ್ಟಳು: ಅದಕ್ಕೇನಾದರೂ ಆದರೆ ನಿಮ್ಮಮ್ಮ ಹೊಸನಗರಕ್ಕೆ ಹೋಗಲಿ. ಮುಕುಂದಯ್ಯ ಗೋಡೆಯತ್ತ ತಿರುಗಿ ಮಲಗಿದ. ಗೋಡೆಯಾಚೆ ಅಡುಗೆಮನೆ, ಅಲ್ಲಿ ದುಗ್ಗಮ್ಮ ಇದ್ದರು, ಕ್ವಾರ್ಟರ್ಸಿನ ಗೋಡೆ ತೆಳು.

ಹೊಸನಗರದಲ್ಲಿ ದುಗ್ಗಮ್ಮನ ತಮ್ಮ ಧರ್ಮಪ್ಪನ ಅಕ್ಕಿ ಗಿರಣಿ ಇತ್ತು. ಧರ್ಮಪ್ಪ ಒಳ್ಳೆಯವನು, ಅವನ ಹೆಂಡತಿ ಮೂಕಮ್ಮ ಅತ್ತಿಗೆಯ ಕಾಫಿಗೆ ಹಾಕುವ ಸಕ್ಕರೆಯನ್ನೂ ಕಣ್ಣಲ್ಲೇ ಅಳೆಯುವವಳು. ಹೂವಯ್ಯ ಹೋದ ಹೊಸತರಲ್ಲಿ ದುಗ್ಗಮ್ಮ ಅಲ್ಲಿ ಕೆಲವು ದಿನ ಇದ್ದು, ಒಂದು ಮಧ್ಯಾಹ್ನ ಬಟ್ಟೆಯ ಚೀಲ ಹಿಡಿದು ಕಾರ್ಗಲ್ಲಿನಲ್ಲಿ ಬಸ್ಸಿಳಿದಿದ್ದರು. ಏನಾಯಿತೆಂದು ಹೇಳಲಿಲ್ಲ. ಮತ್ತೆ ಅಲ್ಲಿಗೆ ಕಳಿಸಬೇಡ ಎಂದು ಮಗನಿಗೆ ಒಂದೇ ಸಲ ಹೇಳಿದ್ದರು. ಅದು ಮನೋರಮಾಳಿಗೂ ಗೊತ್ತಿತ್ತು. ಗೊತ್ತಿದ್ದೇ ಆ ಊರಿನ ಹೆಸರು ತೆಗೆದದ್ದು.

ಅಂದಿನಿಂದ ಕೋಣೆಗೆ ಚಿಲಕ. ನೀರು ಕಾಯಿಸುವುದು, ಪೇಪರು ಬದಲಿಸುವುದು, ಡಾಕ್ಟರು ಹೇಳಿದ್ದು ಏನು, ಯಾವುದು ಕೂಡದು, ಒಂದನ್ನೂ ಅತ್ತೆಯ ಕಿವಿಗೆ ಹಾಕಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಡ್ಯೂಟಿಗೆ ಹೋಗುವಾಗ ಚಿಲಕಕ್ಕೆ ಕಪ್ಪು ನೂಲಿನ ಎಳೆಯೊಂದನ್ನು ಕಟ್ಟಿ ಹೋಗುತ್ತಿದ್ದಳು. ಬಂದು ನೋಡಿದರೆ ಎಳೆ ಹಾಗೇ ಇರುತ್ತಿತ್ತು. ಹಾಗೆ ಇದ್ದುದಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ; ಮುದುಕಿ ಬಿಚ್ಚಿ ಮತ್ತೆ ಕಟ್ಟುತ್ತಿರಬಹುದು ಎಂದು ಗಂಟಿನ ರೀತಿಯನ್ನೇ ಬದಲಾಯಿಸಿದಳು.

ಒಂದು ಬೆಳಿಗ್ಗೆ ಸೊಸೈಟಿಯಿಂದ ಸೀಮೆಎಣ್ಣೆ ತಂದು ಒಳಗೆ ಬಂದರೆ ಎಳೆ ತುಂಡಾಗಿ ನೆಲದ ಮೇಲಿತ್ತು. ಕೋಣೆಯ ತುಂಬ ಬಾಟಲಿಯ ಆ ವಾಸನೆ. ಗಡ್ಡದಯ್ಯ ತಲೆಯಿಂದ ಬಾಲದವರೆಗೆ ಮಿರಮಿರ ಮಿಂಚುತ್ತ, ಬಾಯಿ ತೆರೆದು ಪೇಪರಿನ ಮೇಲೆ ಬಿದ್ದಿತ್ತು. ಹಿಂಗಾಲುಗಳು ಎಳೆದು ಬಿಟ್ಟ ಹಾಗೆ ಚಾಚಿಕೊಂಡಿದ್ದವು.

ಮನೋರಮಾ ಅದನ್ನು ಎತ್ತಿಕೊಂಡಳು. ಒಣಬಟ್ಟೆಯಲ್ಲಿ ಒರೆಸಿದಳು, ಬೆಚ್ಚಗಿನ ನೀರಿಗೆ ಸೋಪು ಕದಡಿ ತೊಳೆದಳು, ಮತ್ತೆ ತೊಳೆದಳು. ದುಗ್ಗಮ್ಮ ಬಾಗಿಲಲ್ಲಿ ಬಂದು ನಿಂತಿದ್ದರು, ಕೈಯಲ್ಲಿನ್ನೂ ಎಣ್ಣೆಯ ಹೊಳಪಿತ್ತು, ಮುಚ್ಚಿಡುವ ಪ್ರಯತ್ನವನ್ನೂ ಮಾಡಿರಲಿಲ್ಲ.

"ಕೊಲ್ಲೋದಿದ್ರೆ ನನ್ನೆದುರಿಗೇ ಕೊಲ್ಬೇಕಿತ್ತು ಅತ್ತೆಮ್ಮ," ಎಂದಳು ಮನೋರಮಾ. "ಹೊಸನಗರಕ್ಕೆ ಹೊರಡಿ. ಧರ್ಮಪ್ಪ ಮಾವಂಗೆ ನಾನೇ ಫೋನ್ ಮಾಡ್ತೀನಿ."

ದುಗ್ಗಮ್ಮ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಅಡುಗೆಮನೆಗೆ ಹೋದರು.

ಡ್ಯೂಟಿಯ ಹೊತ್ತಾಗಿತ್ತು, ಬದಲಿ ಆಪರೇಟರ್ ಇರಲಿಲ್ಲ. ಮರಿಯನ್ನು ಬುಟ್ಟಿಯಲ್ಲಿ ಬಟ್ಟೆ ಹಾಸಿ ಮಲಗಿಸಿ, ಮೇಲೆ ಬಲ್ಬು ಇಳಿಬಿಟ್ಟು, ಆಗಷ್ಟೇ ಶಿಫ್ಟು ಮುಗಿಸಿ ಬಂದ ಗಂಡನನ್ನು ಪಕ್ಕದಲ್ಲಿ ಕೂರಿಸಿ, ನೀವು ಕಣ್ಣು ಮುಚ್ಚಿದರೆ ನೋಡಿ ಮತ್ತೆ ಎಂದು ಎಚ್ಚರಿಸಿ ಹೊರಟಳು. ಎಕ್ಸ್‌ಚೇಂಜಿನಲ್ಲಿ ಕೂತವಳು ಮೊದಲು ಮಾಡಿದ್ದು ಹೊಸನಗರಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದ್ದು. ಲೈನು ಸಿಕ್ಕಾಗ ಬರುತ್ತದೆ, ಕಾಯಬೇಕು. ಎರಡನೆಯದಾಗಿ ಪಶು ಡಾಕ್ಟರಿಗೆ ಕೇಳಿದಳು. ಎಣ್ಣೆ ಎಷ್ಟು ಒಳಗೆ ಹೋಗಿದೆಯೋ ಹೇಳಲಾಗದು, ಬೆಚ್ಚಗಿಡಿ, ಇವತ್ತು ದಾಟಿದರೆ ಬದುಕಬಹುದು ಎಂದರು. ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು ಅವಳಿಗೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಬಂದ ಕರೆಗಳ ವೈರನ್ನೆಲ್ಲ ಬೋರ್ಡಿನ ತಪ್ಪು ತೂತಿಗೆ ಚುಚ್ಚುತ್ತ ಕೂತಳು. ಎಕ್ಸಿಕ್ಯೂಟಿವ್ ಎಂಜಿನಿಯರರ ಮನೆಗೆ ಮಟನ್ ಅಂಗಡಿಯ ಲೈನು ಹೋಯಿತು.

ಅಷ್ಟರಲ್ಲಿ ಫ್ಯಾನು ನಿಂತಿತು. ನಾಡಿಗೆಲ್ಲ ಬೆಳಕು ಕೊಡುವ ಊರಿನಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಎಕ್ಸ್‌ಚೇಂಜು ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಬುಟ್ಟಿಯ ಮೇಲಿನ ಬಲ್ಬು ನಡೆಯುವುದಿಲ್ಲ. ಪವರ್‌ಹೌಸಿನಿಂದ ಮುಕುಂದಯ್ಯನನ್ನು ಕೂಡಲೇ ಕಳಿಸಿ ಎಂಬ ಕರೆ ಬಂತು, ಅವಳೇ ಪಕ್ಕದ ಬ್ಲಾಕಿನ ಫೋನಿಗೆ ಜೋಡಿಸಿಕೊಟ್ಟಳು. ಅವನು ಹೋದರೆ ಮನೆಯಲ್ಲಿ ಮರಿಯ ಹತ್ತಿರ ಉಳಿಯುವವರು ಯಾರು ಎಂಬುದು ಜೋಡಿಸಿಕೊಟ್ಟ ಮೇಲೆ ಹೊಳೆಯಿತು. ಎದ್ದು ಹೋಗುವಂತಿಲ್ಲ. ಬೋರ್ಡಿನ ಮುಂದೆ ಕೂತಲ್ಲೇ ಅತ್ತಳು.

ಬಾಗಿಲಲ್ಲಿ ನೆರಳು ಬಿತ್ತು. ದುಗ್ಗಮ್ಮ. ಕಾಲೊನಿಗೆ ಬಂದು ಇಷ್ಟು ಕಾಲವಾದರೂ ಎಕ್ಸ್‌ಚೇಂಜಿನ ಮೆಟ್ಟಿಲು ಹತ್ತಿದವರಲ್ಲ. ಏದುಸಿರು ಬಿಡುತ್ತಿದ್ದರು, ಚಪ್ಪಲಿ ಇರಲಿಲ್ಲ, ಎರಡೂ ಕೈಯನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಮರಿ ಸತ್ತಿತು, ಎಲ್ಲಿ ಹೂಳಲಿ ಎಂದು ಕೇಳಬಂದಿದ್ದಾರೆ ಎಂದೇ ಮನೋರಮಾ ಅಂದುಕೊಂಡಳು.

"ಕರೆಂಟ್ ಹೋತು," ಎಂದರು ದುಗ್ಗಮ್ಮ. "ತಣ್ಣಗಾಗ್ತಾ ಬಂತು. ಮುಕುಂದನೂ ಹೋದ. ಅದ್ಕೆ ಹೊಟ್ಟೆ ಮೇಲೆ ಇಟ್ಕಂಡು ಬಂದೆ."

ಸೆರಗು ಸರಿಸಿದಳು ಮನೋರಮಾ. ಬರಿಯ ಹೊಟ್ಟೆಯ ಮಡಿಕೆಗೆ ಒತ್ತಿಕೊಂಡು ಗಡ್ಡದಯ್ಯ ಕೂತಿತ್ತು. ಬಾಯಿ ಮುಚ್ಚಿತ್ತು. ಪಕ್ಕೆ ಏಳುತ್ತ ಇಳಿಯುತ್ತ ಇತ್ತು. ಅದರ ಮುಳ್ಳು ತಾಗಿ ದುಗ್ಗಮ್ಮನ ಚರ್ಮದ ಮೇಲೆ ಕೆಂಪು ಗೀರುಗಳೆದ್ದಿದ್ದವು. ಆ ಮೈಯ ಮೇಲೆ ಹುಳ ಇದೆಯೆಂದು ಗೊತ್ತಿದ್ದೂ, ಹುಳದ ಹೆಸರು ಕೇಳಿದರೇ ಎದ್ದು ಹೋಗುವವರು, ಅರ್ಧ ಮೈಲಿ ನಡೆದು ಬಂದಿದ್ದರು. ಮನೋರಮಾ ಒಂದು ಗಳಿಗೆ ನೋಡುತ್ತ ನಿಂತಳು. ಇಷ್ಟು ದಿನ ಜೋಡಿಸಿಟ್ಟದ್ದರಲ್ಲಿ ಇದು ಎಲ್ಲೂ ಕೂರಲಿಲ್ಲ.

"ಮತ್ತೆ ಯಾಕೆ ಹಚ್ಚಿದ್ರಿ?" ಎಂದು ಕೇಳಿದಳು.

"ಉಣುಗು ಹತ್ತಿದ್ರೆ ಮತ್ತೆ ಎಂತ ಹಚ್ಚದು? ನಂಗೆ ಗೊತ್ತಿರೋದು ಅದೊಂದೇ." ದುಗ್ಗಮ್ಮ ಬೆಂಚಿನ ಮೇಲೆ ಕೂತರು. "ನೀನು ದಿನಾ ತೊಳಿತಿದ್ದೆ. ಹೋಗ್ತಿರ್ಲಿಲ್ಲ. ನೀನು ಅದ್ರ ಜತೆ ಮಾತಾಡದು ಕೇಳ್ತಿತ್ತು ನಂಗೆ, ಗೋಡೆಯಾಚೆಯಿಂದ."

"ನನ್ನ ಒಂದ್ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ." ದುಗ್ಗಮ್ಮ ತಲೆಯೆತ್ತಲಿಲ್ಲ, ಮರಿಯ ಬೆನ್ನಿನ ಮೇಲೆ ಅವರ ಹೆಬ್ಬೆರಳು ಮೆಲ್ಲಗೆ ಆಡುತ್ತಿತ್ತು. "ಹೂವಯ್ಯನ್ನ ಕೇಳಿದ್ದೆ. ಬಾಟ್ಲಿ ಕೈಯಾಗಿತ್ತು. ಇವತ್ತು ಬೇಡ ಅಮ್ಮ, ನಾತ ಹೊಡಿತದೆ, ನಾಳೆ ಹಚ್ಕಂತೀನಿ ಅಂದ. ನಾನೂ ಸುಮ್ನಾದೆ. ಅವತ್ತಿಂದ ನಾನು ಯಾರನ್ನೂ ಕೇಳಲ್ಲ."

ಮೆಟ್ಟಿಲ ಮೇಲೆ ಕೂತು ಪ್ಯಾಂಟು ಮಡಚಿಕೊಡುತ್ತಿದ್ದ ಗಂಡನಿಗೆ ಇದು ಗೊತ್ತಿತ್ತು, ಮನೋರಮಾಳಿಗೆ ಮಾತ್ರ ಗೊತ್ತಿರಲಿಲ್ಲ. ಅತ್ತೆಯ ಪಕ್ಕ ಬೆಂಚಿನಲ್ಲಿ ಕೂತಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು, ಮೊದಲಿನಿಂದ: ನುಸಿ ಬೇರೆ ಉಣುಗು ಬೇರೆ, ಎಣ್ಣೆ ಯಾಕೆ ಕೂಡದು, ಮೊಟ್ಟೆ ಒಡೆದು ಮತ್ತೆ ಯಾಕೆ ಬರುತ್ತವೆ. ಹೇಳುತ್ತ ಹೇಳುತ್ತ ಆ ಕೊನೆಯ ಮಾತು ಅವಳಿಗೂ ನಿಜವೆನ್ನಿಸಿತು. ದುಗ್ಗಮ್ಮ ಒಂದೊಂದಕ್ಕೂ ತಲೆಯಾಡಿಸಿದರು. ಎಣ್ಣೆಯ ಮಾತು ಬಂದಾಗ ಮಾತ್ರ ಅವರ ಹೆಬ್ಬೆರಳು ನಿಂತಿತು.

"ಸಾಯ್ತದಾ?" ಎಂದು ಕೇಳಿದರು.

ಗೊತ್ತಿಲ್ಲ ಎಂದಳು ಮನೋರಮಾ. ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಇವತ್ತು ಬೆಚ್ಚಗೆ ಇಟ್ಟುಕೊಂಡರೆ ಆಸೆಯಿದೆ ಎಂದಳು.

ಬೋರ್ಡಿನ ಗಂಟೆ ಬಡಿಯಿತು. ಶಿವಮೊಗ್ಗದ ಆಪರೇಟರ್ ಹೊಸನಗರದ ಲೈನು ಸಿಕ್ಕಿದೆ, ಮಾತಾಡಿ ಎಂದಳು. ಗಿರಣಿಯ ಸದ್ದಿನ ನಡುವೆ ಧರ್ಮಪ್ಪನ ದನಿ ಬಂತು. ಯಾರು, ಎಲ್ಲಿಂದ, ಅಕ್ಕ ಆರಾಮಿದ್ದಾಳಾ ಎಂದು ಒಂದೇ ಉಸಿರಿಗೆ ಕೇಳಿದ. ದುಗ್ಗಮ್ಮನಿಗೆ ತಮ್ಮನ ದನಿ ಬೆಂಚಿನವರೆಗೂ ಕೇಳಿಸಿರಬೇಕು, ಬೆನ್ನು ನೆಟ್ಟಗೆ ಮಾಡಿ ಕೂತರು. ಸೊಸೆಯ ಮುಖ ನೋಡಲಿಲ್ಲ. ಚೀಲ ಕಟ್ಟು ಅಂದರೆ ಕಟ್ಟುವವರ ಹಾಗೆ ಕಾಯುತ್ತಿದ್ದರು.

"ಏನಿಲ್ಲ ಮಾವ," ಎಂದಳು ಮನೋರಮಾ. "ಅತ್ತೆಮ್ಮ ಇಲ್ಲೇ ಇರ್ತಾರೆ. ಅದನ್ನ ಹೇಳಣ ಅಂತ ಮಾಡಿದೆ."

ಧರ್ಮಪ್ಪನಿಗೆ ಅನುಮಾನ ಬಂತು. ಅಲ್ಲೇ ಇರುವುದನ್ನು ಹೇಳಲು ಯಾರಾದರೂ ಟ್ರಂಕ್ ಕಾಲ್ ಮಾಡುತ್ತಾರೆಯೇ, ಏನೋ ಮುಚ್ಚಿಡುತ್ತಿದ್ದೀಯ, ಜಗಳವಾಗಿದೆಯೇ, ಮುಕುಂದ ಎಲ್ಲಿ, ಜೀಪು ಕಳಿಸುತ್ತೇನೆ, ಅಕ್ಕನನ್ನು ಕರೆ ಎಂದು ಹಟ ಹಿಡಿದ. ಎಷ್ಟು ಹೇಳಿದರೂ ನಂಬಲಿಲ್ಲ. ಮನೋರಮಾ ಹೆಡ್‌ಫೋನು ತೆಗೆದು ಅತ್ತೆಯ ಕಿವಿಗೆ ಹಿಡಿದಳು, ಬಾಯಿಯ ಹತ್ತಿರ ಬರುವಂತೆ ಮೌತ್‌ಪೀಸನ್ನು ತಾನೇ ಸರಿಮಾಡಿದಳು. ದುಗ್ಗಮ್ಮ ಎರಡು ಕೈಯನ್ನೂ ಸೆರಗಿನಿಂದ ಹೊರಗೆ ತೆಗೆಯಲಿಲ್ಲ.

"ಜೀಪು ಗೀಪು ಬೇಡ ಮಾರಾಯ," ಎಂದರು ತಮ್ಮನಿಗೆ. "ಈಗ ಎದ್ದು ಬರಕ್ಕೆ ಆಗಲ್ಲ. ಕೈಯಾಗೆ ಮರಿ ಇದೆ, ಹುಷಾರಿಲ್ಲ ಅದ್ಕೆ."

ಎಂತ ಮರಿ, ಯಾರ ಮನೇದು ಎಂದು ಧರ್ಮಪ್ಪ ಕೇಳಿದ್ದು ಬೋರ್ಡಿನವರೆಗೂ ಕೇಳಿಸಿತು.

"ಓತಿದು," ಎಂದರು ದುಗ್ಗಮ್ಮ. "ನಮ್ಮನೇದು."